ದೋಸೆ ಹಿಟ್ಟಿನ ಪ್ರಾಜೆಕ್ಟು ಮತ್ತು ನಾನು ಕೊಡದ ಲೆಟರು

2025ರ ಜೂನ್ ತಿಂಗಳ ಒಂದು ಭಾನುವಾರ. ಸೆಂಟ್ರಲ್ ಲೈನಿನಲ್ಲಿ ಎಂದಿನಂತೆ ಮೆಗಾಬ್ಲಾಕ್. ಎಲ್ಲಿಗೂ ಹೋಗುವ ಹಾಗಿಲ್ಲ ಅಂತ ಪೇಪರ್ ಹಿಡಿದು ಕೂತಿದ್ದೆ. ಗೆಳೆಯರೊಬ್ಬರು ಬಂದರು. ಧಾರವಾಡದ ಕಡೆಯವರು, ಠಾಣೆಯ ಕಂಪನಿಯೊಂದರಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತಾರೆ. ಈ ಡೊಂಬಿವಲಿಯಲ್ಲಿ ನಮ್ಮದು ಹದಿನೆಂಟು ವರ್ಷದ ಸ್ನೇಹ. ಚಹಾ ಕುಡಿದು, ಮಳೆಯ ಬಗ್ಗೆ ಒಂದಿಷ್ಟು ಮಾತಾಡಿ, ಕೊನೆಗೆ ವಿಷಯಕ್ಕೆ ಬಂದರು.

"ನಿಮ್ಮ ಬ್ರಾಂಚಿನ ಲೆಟರ್‌ಹೆಡ್ ಮ್ಯಾಲೆ ನಾಲ್ಕು ಸಾಲು ಬರದು ಕೊಡ್ರಿ. ನಮ್ಮ ಹುಡುಗ ನಿಮ್ಮಲ್ಲೇ ಒಂದು ತಿಂಗಳು ಇಂಟರ್ನ್‌ಶಿಪ್ ಮಾಡ್ಯಾನ ಅಂತ."

"ಅವನು ಮಾಡಿದ್ದು ಹೋಟೆಲಿನಲ್ಲಿ ಅಲ್ವಾ?"

"ಅದಕ್ಕ ಕೇಳಾಕತ್ತೇನಿ. ನಾಳೆ ಅರ್ಜಿಯೊಳಗ ಉಡುಪಿ ಹೋಟೆಲ್ ಅಂತ ಬರಿಯಾಕ ಆಗ್ತದೇನ್ರಿ? ದೋಸೆ ಹಿಟ್ಟು ಅಳದೆ ಅಂತ ಹೇಳಾಕ ಆಗ್ತದೇನ್ರಿ?"

"ನಾಳೆ ಹೇಳ್ತೀನಿ" ಅಂತ ಕಳಿಸಿದೆ. ನಾನು ಏನು ಹೇಳಿದೆ ಅನ್ನೋದು ಆಮೇಲೆ. ಮೊದಲು ಆ ಹುಡುಗ ಮಾಡಿದ್ದೇನು ಅಂತ ಹೇಳಬೇಕು, ಇಲ್ಲದಿದ್ದರೆ ನನ್ನ ಸಿಟ್ಟು ನಿಮಗೆ ಅರ್ಥವಾಗೋಲ್ಲ.

ಹುಡುಗ ಆಗ ಹನ್ನೆರಡನೇ ಕ್ಲಾಸಿಗೆ ಕಾಲಿಟ್ಟಿದ್ದ. ಸಿಬಿಎಸ್ಇ, ಕಂಪ್ಯೂಟರ್ ಸೈನ್ಸ್ ಇದೆ, ಪೈಥಾನ್ ಚೆನ್ನಾಗಿ ಬರುತ್ತೆ. ಮೇ ರಜೆಯಲ್ಲಿ ಎಲ್ಲಾದರೂ ಕೆಲಸದ ಜಾಗಕ್ಕೆ ಹೋಗಿ, ಸ್ವಂತದ್ದೊಂದು ಪ್ರಾಜೆಕ್ಟ್ ಮಾಡಬೇಕು ಅಂತ ಅವನಿಗೇ ಹುಮ್ಮಸ್ಸು. ದುಡ್ಡು ಕಟ್ಟಿಸಿಕೊಂಡು ಆನ್‌ಲೈನಿನಲ್ಲೇ "ಇಂಟರ್ನ್‌ಶಿಪ್" ಮಾಡಿಸಿ ಸರ್ಟಿಫಿಕೇಟ್ ಕಳಿಸುವವರು ಈಗ ಬೇಕಾದಷ್ಟಿದ್ದಾರೆ. ಅದು ಬೇಡ ಅಂದ ಅವನು. ಸ್ಟೇಷನ್ ಹತ್ತಿರ ಒಂದು ಉಡುಪಿ ಹೋಟೆಲ್ ಇದೆ, ಮಾಲೀಕರು ಕುಂದಾಪುರದ ಕಡೆಯವರು, ನಾವೆಲ್ಲ ಅವರನ್ನು ಅಣ್ಣ ಅಂತಲೇ ಕರೆಯೋದು. ನಾನೇ ಪರಿಚಯ ಮಾಡಿಸಿಕೊಟ್ಟೆ. ಅಣ್ಣ ಎರಡು ಶರತ್ತು ಹಾಕಿದರು. ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಮೂರರವರೆಗೆ ಮಾತ್ರ ಬರಬೇಕು. ಒಲೆ ಮತ್ತು ಗ್ಯಾಸ್ ಸಿಲಿಂಡರಿನ ಕಡೆ ಸುಳಿಯಬಾರದು.

ಹುಡುಗನ ಮೊದಲ ಐಡಿಯಾ ಸಿಲಿಂಡರಿನದ್ದೇ ಆಗಿತ್ತು. ಕಮರ್ಷಿಯಲ್ ಸಿಲಿಂಡರಿನಲ್ಲಿ 19 ಕಿಲೋ ಗ್ಯಾಸ್ ಇರುತ್ತೆ, ಅದರ ಕೆಳಗೆ ತೂಕದ ಸೆನ್ಸರ್ ಇಟ್ಟು ಯಾವಾಗ ಮುಗಿಯುತ್ತೆ ಅಂತ ಮೊಬೈಲಿನಲ್ಲಿ ತೋರಿಸೋದು. ಅಣ್ಣ ಖಡಾಖಂಡಿತ ಬೇಡ ಅಂದರು. ಗ್ಯಾಸ್ ಪಕ್ಕದಲ್ಲಿ ಹುಡುಗರ ಕೈಯಲ್ಲಿ ಬೆಸುಗೆ ಹಾಕಿದ ವೈರು ಇರಕೂಡದು, ಅಷ್ಟೇ. ಹುಡುಗನಿಗೆ ಬೇಜಾರಾಯಿತು. ನನಗೆ ಮಾತ್ರ ಅಣ್ಣನ ಮೇಲೆ ಗೌರವ ಹೆಚ್ಚಾಯಿತು.

ಎರಡು ದಿನ ಸುಮ್ಮನೆ ಕೂತು ನೋಡಿದ ಮೇಲೆ ಅವನ ಕಣ್ಣಿಗೆ ಬಿದ್ದದ್ದು ಹಿಟ್ಟು. ನಾಳೆಯ ದೋಸೆಗೆ ಅಕ್ಕಿ, ಉದ್ದು ಇವತ್ತು ಮಧ್ಯಾಹ್ನವೇ ನೆನೆಹಾಕಬೇಕು. ಸಂಜೆ ರುಬ್ಬಬೇಕು, ರಾತ್ರಿಯಿಡೀ ಹುದುಗಬೇಕು. ಇವತ್ತಿನ ಹಿಟ್ಟು ಎಷ್ಟು ಉಳಿಯುತ್ತೆ ಅಂತ ಗೊತ್ತಾಗುವ ಮೊದಲೇ ನಾಳೆಗೆ ಎಷ್ಟು ಅಂತ ತೀರ್ಮಾನ ಮಾಡಬೇಕು. ಹೆಚ್ಚಾದರೆ ಮುಂಬೈಯ ಮೇ ಸೆಕೆಗೆ ಹುಳಿ ಬಂದು ಮರುದಿನ ಉತ್ತಪ್ಪಕ್ಕೆ ಹೋಗುತ್ತೆ, ಅದೂ ಮೀರಿದರೆ ಮೋರಿಗೆ. ಕಡಿಮೆಯಾದರೆ ಭಾನುವಾರ ಹನ್ನೊಂದು ಗಂಟೆಗೆ "ದೋಸೆ ಖಾಲಿ" ಅನ್ನಬೇಕು.

ಇದನ್ನು ಕೇಳಿದಾಗ ನನಗೆ ನಗು ಬಂತು. ಇದು ನಮ್ಮ ಬ್ರಾಂಚಿನ ಕ್ಯಾಶಿನ ಕತೆಯೇ! ಬ್ರಾಂಚಿನಲ್ಲಿ ಇಷ್ಟೇ ನಗದು ಇಟ್ಟುಕೊಳ್ಳಬೇಕು ಅಂತ ಮಿತಿ ಇರುತ್ತೆ. ಜಾಸ್ತಿ ಇಟ್ಟರೆ ಮೇಲಿನವರು ಬೈತಾರೆ, ಕಡಿಮೆ ಇಟ್ಟರೆ ಪಗಾರದ ದಿನ ಗಿರಾಕಿ ಬೈತಾರೆ. ನಾಳೆ ಎಷ್ಟು ಬೇಕಾದೀತು ಅಂತ ಇವತ್ತೇ ಕರೆನ್ಸಿ ಚೆಸ್ಟಿಗೆ ಹೇಳಬೇಕು. ಮೂವತ್ತು ವರ್ಷ ನಾನು ಮಾಡಿದ ಲೆಕ್ಕವನ್ನೇ ಅಡುಗೆ ಭಟ್ಟರು ಹಿಟ್ಟಿನಲ್ಲಿ ಮಾಡ್ತಿದ್ದಾರೆ, ನನಗೆ ಗೊತ್ತೇ ಇರಲಿಲ್ಲ.

ಹುಡುಗ ಮೊದಲು ಮಾಡಿದ್ದು ಹಿಟ್ಟಿನ ಪಾತ್ರೆಯ ಮುಚ್ಚಳಕ್ಕೆ ಒಂದು ಅಲ್ಟ್ರಾಸಾನಿಕ್ ಸೆನ್ಸರ್. ಲ್ಯಾಮಿಂಗ್ಟನ್ ರೋಡಿಗೆ ಹೋಗಿ ತಂದಿದ್ದ. ಶಬ್ದದ ಅಲೆ ಹೋಗಿ ಬರುವ ಹೊತ್ತು ಲೆಕ್ಕ ಹಾಕಿ, ಹಿಟ್ಟು ಎಷ್ಟು ಎತ್ತರಕ್ಕಿದೆ ಅಂತ ಅದು ಹೇಳುತ್ತೆ. ಮನೆಯಲ್ಲಿ ಬಕೆಟ್ ನೀರಿಗೆ ಬೆಳ್ಳಗೆ ಕೆಲಸ ಮಾಡಿತು. ಹೋಟೆಲಿನಲ್ಲಿ ರಾತ್ರಿಗಿಂತ ಬೆಳಿಗ್ಗೆ ಹಿಟ್ಟು ಜಾಸ್ತಿಯಾಗಿದೆ ಅಂತ ತೋರಿಸಿತು! ಭಟ್ಟರು ಬಿದ್ದು ಬಿದ್ದು ನಕ್ಕರಂತೆ. "ಹೋಯ್ ಮಾಣಿ, ಹಿಟ್ಟು ಉಬ್ಬುದಿಲ್ಯಾ?" ಹುದುಗಿದ ಹಿಟ್ಟು ಮೇಲೇರುತ್ತೆ, ತೂಕ ಏರೋಲ್ಲ. ನಮ್ಮಲ್ಲಿ ಯಾವ ಹೆಂಗಸಿಗೂ ಗೊತ್ತಿರುವ ವಿಷಯ. ಆದರೆ ಪೈಥಾನ್ ಬಲ್ಲ ಹುಡುಗನಿಗೆ ಅಲ್ಲಿಯವರೆಗೆ ಅದು ಲೆಕ್ಕಕ್ಕೇ ಬಂದಿರಲಿಲ್ಲ. ಹೊಳೆದ ಮೇಲೆ ಅವನು ಸೆನ್ಸರನ್ನು ಕಿತ್ತು ಚೀಲಕ್ಕೆ ಹಾಕಿಕೊಂಡ. ಹೋಟೆಲಿನಲ್ಲಿ ತರಕಾರಿ ತೂಗುವ ಎಲೆಕ್ಟ್ರಾನಿಕ್ ತಕ್ಕಡಿ ಹೇಗೂ ಇತ್ತು. ರಾತ್ರಿ ಬಾಗಿಲು ಹಾಕುವ ಮೊದಲು ಉಳಿದ ಹಿಟ್ಟನ್ನು ಅದರ ಮೇಲಿಟ್ಟು ತೂಕ ಬರೆದರೆ ಮುಗಿಯಿತು.

ಬರೆಯೋದು ಯಾರು? ಹುಡುಗ ಮೂರು ಗಂಟೆಗೆ ಮನೆಗೆ. ರಾತ್ರಿ ಇರೋದು ಭಟ್ಟರು, ಅವರಿಗೋ ಬೆಳಿಗ್ಗೆ ನಾಲ್ಕರಿಂದ ನಿಂತೇ ಇರುವ ಕಾಲು. ಅವನು ಮಾಡಿದ್ದ ಮೊಬೈಲ್ ಆ್ಯಪ್ ಅವರು ತೆರೆಯಲೇ ಇಲ್ಲ. ಕೊನೆಗೆ ಎರಡು ರೂಲು ಎಳೆದ ಒಂದು ನೋಟ್‌ಬುಕ್ಕು, ದಾರ ಕಟ್ಟಿದ ಪೆನ್ನು, ತಕ್ಕಡಿಯ ಪಕ್ಕದಲ್ಲಿ ಮೊಳೆಗೆ ನೇತುಹಾಕಿದ. ಅದನ್ನು ಭಟ್ಟರು ಬರೆದರು.

ಎರಡು ವಾರದ ಅಂಕಿ ಸೇರಿದ ಮೇಲೆ ಅವನ ಪ್ರೋಗ್ರಾಮು ನಾಳೆಗೆ ಇಷ್ಟು ಅಂತ ಹೇಳತೊಡಗಿತು. ಒಂದು ದಿನ ಅದು ಸಾಕಷ್ಟು ಜಾಸ್ತಿ ಹೇಳಿತು, ಭಟ್ಟರು ಒಪ್ಪಲಿಲ್ಲ. "ಗೋಡೆ ಮೇಲಿನ ಕ್ಯಾಲೆಂಡರ್ ಕಾಂತಿಲ್ಯಾ?" ಅಂದರು. ಮರುದಿನ ಸಂಕಷ್ಟಿ. ಇಲ್ಲಿಯ ಜನ ಉಪವಾಸ ಇರ್ತಾರೆ, ದೋಸೆ ತಿನ್ನೋಲ್ಲ, ಸಾಬುದಾಣ ಖಿಚಡಿ ಕೇಳ್ತಾರೆ. ಆಮೇಲೆ ಹುಡುಗ ಭಟ್ಟರ ಎದುರು ಕೂತು ಪಟ್ಟಿ ಮಾಡಿದ. ಸಂಕಷ್ಟಿ, ಏಕಾದಶಿ, ಮೆಗಾಬ್ಲಾಕಿನ ಭಾನುವಾರ, ಜೋರು ಮಳೆ, ತಿಂಗಳ ಕೊನೆಯ ವಾರ. ಭಟ್ಟರ ತಲೆಯಲ್ಲಿದ್ದದ್ದೆಲ್ಲ ಒಂದೊಂದು ಕಾಲಂ ಆಯಿತು. ಅಷ್ಟರಲ್ಲಿ ತಿಂಗಳು ಮುಗಿಯಿತು. ಪ್ರೋಗ್ರಾಮು ಭಟ್ಟರಿಗಿಂತ ಚೆನ್ನಾಗಿ ಹೇಳುತ್ತೆ ಅಂತ ತೋರಿಸಲು ಒಂದು ತಿಂಗಳು ಸಾಲದು ಅಂತ ಹುಡುಗನೇ ತನ್ನ ವರದಿಯಲ್ಲಿ ಬರೆದ. ಸೆನ್ಸರ್ ಸೋತದ್ದನ್ನೂ ಬರೆದ. ಆ್ಯಪ್ ಯಾರೂ ತೆರೆಯದ್ದನ್ನೂ ಬರೆದ.

ಈ ವರದಿಯನ್ನು ಬದಿಗಿಟ್ಟು, ಬ್ಯಾಂಕಿನಲ್ಲಿ "ಎಐ ಆಧಾರಿತ" ಏನೋ ಒಂದು ಮಾಡಿದ ಅಂತ ನಾನು ಬರೆದು ಕೊಡಬೇಕಿತ್ತು.

ಅವತ್ತು ರಾತ್ರಿ ಪುಣೆಯಲ್ಲಿರುವ ನನ್ನ ಮಗನಿಗೆ ಫೋನ್ ಮಾಡಿ ಇದನ್ನೆಲ್ಲ ಹೇಳಿದೆ. "ಸ್ನೇಹಿತರು, ಹೇಗೆ ಇಲ್ಲ ಅನ್ನೋದು?" ಅಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಪ್ಪ, ನನ್ನ ಬ್ಯಾಂಕ್ ಮ್ಯಾನೇಜ್‌ಮೆಂಟ್ ಪ್ರಾಜೆಕ್ಟ್ ನೆನಪಿದ್ಯಾ?" ಅಂತ ಕೇಳಿದ.

ನೆನಪಿಲ್ಲದೆ ಏನು. ಮಗ ಹನ್ನೆರಡು ಮುಗಿಸಿದ್ದು 2015ರಲ್ಲಿ. ಆಗ ಸಿ ಪ್ಲಸ್ ಪ್ಲಸ್ ಇತ್ತು. ಅರ್ಧ ಕ್ಲಾಸು "ಬ್ಯಾಂಕ್ ಮ್ಯಾನೇಜ್‌ಮೆಂಟ್ ಸಿಸ್ಟಮ್" ಅನ್ನೋ ಒಂದೇ ಪ್ರೋಗ್ರಾಮನ್ನು ಹೆಸರು ಬದಲಾಯಿಸಿ ಕೊಡುತ್ತಿತ್ತು. ಜೆರಾಕ್ಸ್ ಅಂಗಡಿಯಲ್ಲಿ ಸಿಡಿ ಸಮೇತ ಸಿಗುತ್ತಿತ್ತು. ಅವನಿಗೆ ಕ್ಲಾಸು, ಟೆಸ್ಟು ಅಂತ ಪುರುಸೊತ್ತಿಲ್ಲ, ಒಂದನ್ನು ತಂದ. ಮನೆಯಲ್ಲಿ ನನಗೆ ತೋರಿಸಿದ. ಬ್ಯಾಂಕಿನವನಲ್ವಾ, ಕುತೂಹಲಕ್ಕೆ ಐನೂರು ರೂಪಾಯಿ ಇಟ್ಟು ಒಂದು ಸೇವಿಂಗ್ಸ್ ಖಾತೆ ತೆರೆದೆ, ಐದು ಸಾವಿರ ಕೇಳಿದೆ. ಕೊಟ್ಟೇಬಿಟ್ಟಿತು! ಬ್ಯಾಲೆನ್ಸ್ ಮೈನಸ್. ನನ್ನ ಸರ್ವಿಸಿನಲ್ಲಿ ಅಷ್ಟು ಉದಾರ ಬ್ಯಾಂಕನ್ನು ನಾನು ಕಂಡಿಲ್ಲ. ನಕ್ಕು ಸುಮ್ಮನಾದೆ. ಪ್ರಾಜೆಕ್ಟಿಗೆ ಒಳ್ಳೆ ಮಾರ್ಕ್ಸೂ ಬಂತು.

"ಅದನ್ನ ನಿಮಗೆ ತೋರಿಸಿದಾಗ ನೀವು ಬೈತೀರಿ ಅಂದ್ಕೊಂಡಿದ್ದೆ ಅಪ್ಪ" ಅಂದ ಮಗ. "ಸರಿ ಮಾಡು, ನಾನು ಹೇಳಿಕೊಡ್ತೀನಿ ಅಂತೀರಿ ಅಂದ್ಕೊಂಡಿದ್ದೆ. ನೀವು ಸ್ಪೈರಲ್ ಬೈಂಡಿಂಗಿಗೆ ದುಡ್ಡು ಕೊಟ್ರಿ."

ಮನೆಯಲ್ಲೇ ಒಬ್ಬ ಬ್ಯಾಂಕ್ ಅಧಿಕಾರಿ ಇದ್ದ. ಖಾತೆಯಲ್ಲಿ ಎಷ್ಟು ಉಳಿಯಬೇಕು, ಅಪ್ರಾಪ್ತ ವಯಸ್ಕರ ಖಾತೆಗೆ ಏನು ನಿಯಮ, ಒಬ್ಬ ಬರೆದದ್ದನ್ನು ಇನ್ನೊಬ್ಬ ಯಾಕೆ ಚೆಕ್ ಮಾಡಬೇಕು, ಎಲ್ಲ ಬಲ್ಲವನು. ಎರಡು ಭಾನುವಾರ ಕೂತಿದ್ದರೆ ಆ ಹುಡುಗ ಒಂದು ನಿಜವಾದ ಪ್ರೋಗ್ರಾಮು ಬರೆಯುತ್ತಿದ್ದ. ಈಗ ಅವನು ಒಳ್ಳೆಯ ಕೆಲಸದಲ್ಲೇ ಇದ್ದಾನೆ, ನಷ್ಟವೇನೂ ಆಗಿಲ್ಲ ಅಂತ ನೀವು ಹೇಳಬಹುದು. ಆದರೆ ಹತ್ತು ವರ್ಷ ಆದ ಮೇಲೂ ಅವನು ಅದನ್ನು ಮರೆತಿಲ್ಲ.

ಮರುದಿನ ಗೆಳೆಯರಿಗೆ ಲೆಟರ್ ಆಗೋಲ್ಲ ಅಂದೆ. ಬ್ಯಾಂಕಿನ ಲೆಟರ್‌ಹೆಡ್ಡಿನಲ್ಲಿ ಸುಳ್ಳು ಬರೆದರೆ ನನ್ನ ನೌಕರಿಗೇ ಸಂಚಕಾರ, ಅದು ಒಂದು ಕಾರಣ. ಆದರೆ ಅದೊಂದೇ ಅಲ್ಲ ಅನ್ನೋದು ಅವರಿಗೂ ಗೊತ್ತಾಯಿತು. ಅಣ್ಣನ ಹತ್ತಿರ ಲೆಟರ್‌ಹೆಡ್ ಇರಲಿಲ್ಲ, ಬಿಲ್ ಬುಕ್ ಮಾತ್ರ. ಬಿಳಿ ಹಾಳೆಯ ಮೇಲೆ ನಾನೇ ಡ್ರಾಫ್ಟ್ ಮಾಡಿಕೊಟ್ಟೆ. ಹುಡುಗ ಏನು ಮಾಡಿದ, ಏನು ಆಗಲಿಲ್ಲ, ಎಷ್ಟು ದಿನ ಬಂದ. ಅಣ್ಣ ಸಹಿ ಮಾಡಿ ಹೋಟೆಲಿನ ರಬ್ಬರ್ ಸ್ಟ್ಯಾಂಪ್ ಒತ್ತಿದರು. ಗೆಳೆಯರು ಅದನ್ನು ಓದದೆ ಮಡಚಿ ಜೇಬಿಗಿಟ್ಟುಕೊಂಡರು. ಆವತ್ತಿನಿಂದ ನಮ್ಮಿಬ್ಬರ ನಡುವೆ ಮಾತು ಸ್ವಲ್ಪ ಕಡಿಮೆ.

ಇಷ್ಟು ನನ್ನ ಕತೆ. ಈಗ ನನ್ನ ಅಭಿಪ್ರಾಯ.

ಹನ್ನೊಂದು, ಹನ್ನೆರಡನೇ ಕ್ಲಾಸಿನ ಮಕ್ಕಳು ಟೆಕ್ನಾಲಜಿ ಪ್ರಾಜೆಕ್ಟ್ ಮಾಡಬೇಕು ಅನ್ನೋದಕ್ಕೆ ಈಗ ಸರ್ಕಾರದ ಒತ್ತಾಸೆಯೂ ಇದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ 6ರಿಂದ 8ನೇ ತರಗತಿಯೊಳಗೆ ಹತ್ತು ದಿನ ಚೀಲವಿಲ್ಲದೆ ಬಡಗಿ, ತೋಟಗಾರ, ಕುಂಬಾರ, ಕಲಾವಿದರ ಹತ್ತಿರ ಮಕ್ಕಳು ಕಲಿಯಲಿ ಅನ್ನುತ್ತೆ. 12ನೇ ತರಗತಿಯವರೆಗೂ, ರಜೆಯಲ್ಲೂ ಇಂಥ ಅವಕಾಶ ಸಿಗಲಿ ಅನ್ನುತ್ತೆ. ಗಮನಿಸಿ, ಅಲ್ಲಿ ಬಡಗಿಯ ಹೆಸರಿದೆ, ಸಾಫ್ಟ್‌ವೇರ್ ಕಂಪನಿಯ ಹೆಸರಿಲ್ಲ. ಅಟಲ್ ಇನೋವೇಶನ್ ಮಿಷನ್ 2016ರಿಂದ ಸುಮಾರು 10,000 ಶಾಲೆಗಳಲ್ಲಿ ಟಿಂಕರಿಂಗ್ ಲ್ಯಾಬ್ ಮಾಡಿದೆ. ಒಂದು ಶಾಲೆಗೆ 20 ಲಕ್ಷ ರೂಪಾಯಿಯವರೆಗೆ ಅನುದಾನ. 2025ರ ಬಜೆಟ್ಟಿನಲ್ಲಿ ಸರ್ಕಾರಿ ಶಾಲೆಗಳಿಗೆ ಐದು ವರ್ಷದಲ್ಲಿ ಇನ್ನೂ 50,000 ಲ್ಯಾಬ್ ಅಂತ ಘೋಷಣೆಯಾಯಿತು. ಒಳ್ಳೆಯದೇ. ಆದರೆ ಲ್ಯಾಬಿನೊಳಗೆ ಸೆನ್ಸರ್ ಇರುತ್ತೆ, ಹುದುಗುವ ಹಿಟ್ಟು ಇರೋಲ್ಲ. "ಇದು ನನಗೆ ಬೇಡ ಮಾಣಿ" ಅನ್ನುವ ಭಟ್ಟರೂ ಇರೋಲ್ಲ. ಅದಕ್ಕೆ ಕೆಲಸದ ಜಾಗಕ್ಕೇ ಹೋಗಬೇಕು.

ಅಮೆರಿಕದ ರೋಡ್ ಐಲೆಂಡ್ ರಾಜ್ಯದ ಪ್ರಾವಿಡೆನ್ಸ್ ಊರಿನಲ್ಲಿ 'ದಿ ಮೆಟ್' ಅಂತ ಒಂದು ಸರ್ಕಾರಿ ಹೈಸ್ಕೂಲಿದೆ, 1996ರಲ್ಲಿ ಶುರುವಾದದ್ದು. ಅಲ್ಲಿ ಮಕ್ಕಳು ವಾರಕ್ಕೆ ಎರಡು ದಿನ ಶಾಲೆಗೆ ಬರೋಲ್ಲ, ತಮಗೆ ಇಷ್ಟವಾದ ಕೆಲಸದ ಜಾಗದಲ್ಲಿ ಒಬ್ಬ ಹಿರಿಯರ ಜೊತೆ ಇರ್ತಾರೆ. ಅವರು ಮಾಡುವ ಪ್ರಾಜೆಕ್ಟು ಆ ಜಾಗದವರಿಗೂ ಉಪಯೋಗಕ್ಕೆ ಬರಬೇಕು ಅನ್ನೋದು ಆ ಪದ್ಧತಿಯ ಜೀವಾಳ. ನನಗೆ ಹಿಡಿಸಿದ್ದು ಇದೇ. ಸ್ವಂತ ಪ್ರಾಜೆಕ್ಟು ಅಂದ ತಕ್ಷಣ ನಾವು ಒಬ್ಬನೇ ರೂಮಿನಲ್ಲಿ ಕೂತು ಮಾಡೋದು ಅಂದುಕೊಳ್ತೀವಿ. ನಮ್ಮ ಹುಡುಗನ ಪ್ರಾಜೆಕ್ಟಿನಲ್ಲಿ ತಕ್ಕಡಿ ಹೋಟೆಲಿನದು, ಅಂಕಿ ಭಟ್ಟರದು, ಸಂಕಷ್ಟಿ ಕ್ಯಾಲೆಂಡರಿನದು. ಆದರೂ ಅದು ಅವನದೇ. ಯಾಕೆಂದರೆ ತಪ್ಪಿದಾಗ ತಪ್ಪಿದ್ದು ಅವನು, ಬದಲಾಯಿಸಿದ್ದೂ ಅವನು.

ಇನ್ನೊಂದು ಮಾತು. 2022ರ ಕೊನೆಗೆ ಚಾಟ್‌ಜಿಪಿಟಿ ಬಂದ ಮೇಲೆ ಜೆರಾಕ್ಸ್ ಅಂಗಡಿಗೂ ಹೋಗಬೇಕಿಲ್ಲ. ಬ್ಯಾಂಕ್ ಮ್ಯಾನೇಜ್‌ಮೆಂಟ್ ಪ್ರೋಗ್ರಾಮನ್ನು ಅದು ಕೂತಲ್ಲೇ ಬರೆದುಕೊಡುತ್ತೆ, ಬಹುಶಃ ನನ್ನ ಐದು ಸಾವಿರವನ್ನೂ ಕೊಡೋಲ್ಲ. ಹೀಗಿರುವಾಗ ಬರೀ ಕೋಡ್ ತೋರಿಸಿದರೆ ಹುಡುಗ ಏನು ಕಲಿತ ಅಂತ ಯಾರಿಗೆ ಗೊತ್ತಾಗುತ್ತೆ? ನಿನ್ನೆ ರಾತ್ರಿ ಎಷ್ಟು ಕಿಲೋ ಹಿಟ್ಟು ಉಳಿಯಿತು ಅಂತ ಮಾತ್ರ ಅದಕ್ಕೆ ಗೊತ್ತಿರೋಲ್ಲ. ಅದನ್ನು ತಿಳಿಯೋಕೆ ಒಬ್ಬರ ವಿಶ್ವಾಸ ಗಳಿಸಬೇಕು, ಒಂದು ಪೆನ್ನಿಗೆ ದಾರ ಕಟ್ಟಬೇಕು.

ಗೆಳೆಯರ ಕಷ್ಟ ನನಗೆ ಅರ್ಥವಾಗೋಲ್ಲ ಅಂತಲ್ಲ. ಹನ್ನೆರಡನೇ ಕ್ಲಾಸು ಅಂದರೆ ಮನೆಗೆ ಮನೆಯೇ ಉಸಿರು ಹಿಡಿದಿರುತ್ತೆ. ಜೆಇಇ, ಸಿಇಟಿ, ಲಕ್ಷಗಟ್ಟಲೆ ಕೋಚಿಂಗ್ ಫೀಸು. ಊರಲ್ಲಿ ಆಸ್ತಿ ಇಲ್ಲದ, ಇಲ್ಲಿ ಲೋನಿನ ಮನೆಯಲ್ಲಿರುವ ನಮ್ಮಂಥವರಿಗೆ ಮಕ್ಕಳ ಓದೇ ಬಂಡವಾಳ. ಅರ್ಜಿಯಲ್ಲಿ ಒಂದು ದೊಡ್ಡ ಹೆಸರು ಇದ್ದರೆ ಅನುಕೂಲವಾದೀತು ಅನ್ನೋ ಆಸೆ ಯಾವ ತಂದೆಗೂ ಬರುತ್ತೆ. ನನಗೂ ಬಂದಿತ್ತಲ್ಲ. ಆದರೆ ನಾನು ಬ್ಯಾಂಕಿನಲ್ಲಿ ಸಾಲದ ಅರ್ಜಿ ನೋಡುವವನು. ಹೊಳೆಯುವ ಪ್ರಾಜೆಕ್ಟ್ ರಿಪೋರ್ಟ್ ಹಿಡಿದು ಬಂದವರನ್ನು ಎರಡು ಪ್ರಶ್ನೆ ಕೇಳಿದರೆ ಸಾಕು, ಸಿಎ ಬರೆದುಕೊಟ್ಟದ್ದೋ ಸ್ವಂತ ಅಂಗಡಿ ನಡೆಸಿದವರದ್ದೋ ಗೊತ್ತಾಗುತ್ತೆ. ಇಂಟರ್‌ವ್ಯೂ ಮಾಡುವವರಿಗೂ ಗೊತ್ತಾಗುತ್ತೆ.

ಹಾಗಂತ ಮಕ್ಕಳನ್ನು ಎಲ್ಲಿಗೆ ಬೇಕಾದರೂ ಕಳಿಸಿ ಅಂತ ನಾನು ಹೇಳ್ತಿಲ್ಲ. ಇಂಟರ್ನ್‌ಶಿಪ್ ಹೆಸರಲ್ಲಿ ಬಿಟ್ಟಿ ಕೆಲಸ ಮಾಡಿಸಿಕೊಳ್ಳುವವರು ಇದ್ದಾರೆ. 14ರಿಂದ 18ರ ವಯಸ್ಸಿನವರನ್ನು ಅಪಾಯಕಾರಿ ಕೆಲಸಕ್ಕೆ ಹಚ್ಚಬಾರದು ಅಂತ 2016ರ ತಿದ್ದುಪಡಿ ಕಾನೂನೇ ಹೇಳುತ್ತೆ. ಸಂಜೆ ಏಳರ ಮೇಲೆ ಕೆಲಸವಿಲ್ಲ ಅಂತಲೂ ಇದೆ. ಕಲಿಯಲು ಬಂದ ಮಕ್ಕಳಿಗೆ ನಾವು ಅದಕ್ಕಿಂತ ಹೆಚ್ಚೇ ಜಾಗ್ರತೆ ವಹಿಸಬೇಕು. ಅಣ್ಣನ ಎರಡು ಶರತ್ತು ನನಗೆ ಹಿಡಿಸಿದ್ದು ಅದಕ್ಕೇ. ಇನ್ನು ಗಿರಾಕಿಗಳ ಹೆಸರು, ಫೋನ್ ನಂಬರು ಇಂಥದ್ದನ್ನೆಲ್ಲ ಹುಡುಗರ ಲ್ಯಾಪ್‌ಟಾಪಿಗೆ ಕೊಡಲೇಬಾರದು. ಬ್ಯಾಂಕಿನವನಾಗಿ ಇದನ್ನು ಎರಡು ಸಲ ಹೇಳ್ತೀನಿ. ಹಿಟ್ಟಿನ ತೂಕದಲ್ಲಿ ಯಾರ ಗುಟ್ಟೂ ಇಲ್ಲ, ಅಂಥ ವಿಷಯ ಹುಡುಕಿ.

ನಮ್ಮ ಹಿಂದಿನ ತಲೆಮಾರು ಇದೇ ಮುಂಬೈಯಲ್ಲಿ ಹಗಲು ಹೋಟೆಲಿನಲ್ಲಿ ದುಡಿದು, ರಾತ್ರಿ ಫೋರ್ಟಿನ ಕನ್ನಡ ರಾತ್ರಿಶಾಲೆಗಳಲ್ಲಿ ಓದಿತು. ಅದನ್ನು ನಾನು ಹೊಗಳೋಕೆ ಹೋಗೋಲ್ಲ. ಹತ್ತು ಹನ್ನೆರಡು ವರ್ಷದ ಹುಡುಗರು ಗತಿ ಇಲ್ಲದೆ ಮಾಡಿದ್ದು ಅದು. ಆದರೆ ಹೋಟೆಲು ಅಂದರೆ ನಾಚಿಕೆ ಅನ್ನೋ ಮಟ್ಟಿಗೆ ನಾವು ಯಾವಾಗ ಬಂದೆವು? ನಮ್ಮ ಮಕ್ಕಳ ಅರ್ಜಿಯಲ್ಲಿ ಆ ಹೆಸರು ಬರಬಾರದು ಅನ್ನೋಷ್ಟು?

ನನ್ನದೊಂದು ಸಲಹೆ ಇದೆ. ಮುಂಬೈ, ಪುಣೆ, ಚೆನ್ನೈ, ಹೈದರಾಬಾದ್, ದಿಲ್ಲಿ, ಎಲ್ಲ ಕಡೆ ನಮ್ಮ ಕನ್ನಡ ಸಂಘಗಳಿವೆ. ರಾಜ್ಯೋತ್ಸವ, ಗಣೇಶೋತ್ಸವ, ಯಕ್ಷಗಾನ ಎಲ್ಲ ಮಾಡ್ತೀವಿ. ಹತ್ತು, ಹನ್ನೆರಡರಲ್ಲಿ ಹೆಚ್ಚು ಮಾರ್ಕ್ಸ್ ತೆಗೆದವರಿಗೆ ಶಾಲು ಹೊದಿಸಿ ಸನ್ಮಾನ ಮಾಡ್ತೀವಿ. ಅದೇ ಸಂಘದಲ್ಲಿ ಹೋಟೆಲಿನವರು, ಪ್ರಿಂಟಿಂಗ್ ಪ್ರೆಸ್ಸಿನವರು, ಟ್ರಾನ್ಸ್‌ಪೋರ್ಟಿನವರು, ಡಾಕ್ಟರು, ಸಿಎ ಇದ್ದಾರೆ. ಮೇ ತಿಂಗಳಲ್ಲಿ ಒಬ್ಬೊಬ್ಬರು ಒಂದೊಂದು ಮಗುವಿಗೆ ಜಾಗ ಕೊಡಲಿ. ದಿನಕ್ಕೆ ನಾಲ್ಕು ಗಂಟೆ. ಮೊದಲ ವಾರ ಬರೀ ನೋಡಲಿ, ಆಮೇಲೆ ತನ್ನದೇ ಒಂದು ಪ್ರಶ್ನೆ ಆರಿಸಿಕೊಳ್ಳಲಿ. ಯಾರ ಪರಿಚಯವೂ ಇಲ್ಲದ ಮನೆಯ ಮಕ್ಕಳಿಗೆ ಮೊದಲ ಅವಕಾಶ. ನಮ್ಮ ಹುಡುಗನಿಗೆ ನಾನಿದ್ದೆ, ವಾಚ್‌ಮನ್ನನ ಮಗಳಿಗೆ ಯಾರಿದ್ದಾರೆ? ಕೊನೆಗೆ ಸಂಘದ ಸಭೆಯಲ್ಲಿ ಎಲ್ಲರೂ ನಿಂತು ಏನು ಮಾಡಿದೆ, ಏನು ಆಗಲಿಲ್ಲ ಅಂತ ಕನ್ನಡದಲ್ಲಿ ಐದು ನಿಮಿಷ ಹೇಳಲಿ. ಅದಕ್ಕೂ ಒಂದು ಶಾಲು ಹೊದಿಸೋಣ. ನಮ್ಮ ಸಂಘದಲ್ಲಿ ಇದನ್ನು ಮಂಡಿಸುವವನಿದ್ದೇನೆ, ಎಷ್ಟು ಜನ ಒಪ್ತಾರೋ ಗೊತ್ತಿಲ್ಲ.

ಮೊನ್ನೆ ಅಣ್ಣನ ಹೋಟೆಲಿಗೆ ಹೋಗಿದ್ದೆ. ಒಳಗೆ ಇಣುಕಿದರೆ ತಕ್ಕಡಿಯ ಪಕ್ಕ ಮೊಳೆಯಲ್ಲಿ ನೋಟ್‌ಬುಕ್ಕು. ಹಳೆಯದು ಮುಗಿದು ಹೊಸದು ಬಂದಿದೆ. ಹುಡುಗ ಎಳೆದಿದ್ದ ಎರಡು ರೂಲಿನ ಪಕ್ಕ ಭಟ್ಟರು ಇನ್ನೊಂದು ಗೆರೆ ಎಳೆದು ಚಟ್ನಿಯ ಲೆಕ್ಕವನ್ನೂ ಶುರು ಮಾಡಿದ್ದಾರೆ. ಗೆಳೆಯರಿಗೆ ಇದನ್ನು ಹೇಳಬೇಕು ಅಂತಿದ್ದೇನೆ. ಫೋನ್ ಎತ್ತಿದರೆ ಹೇಳ್ತೀನಿ.

ನೀವೇನಂತೀರಿ? ನಾನು ಲೆಟರ್ ಕೊಟ್ಟುಬಿಡಬೇಕಿತ್ತಾ?